ತುಮಕೂರಿಗೆ ಮೆಟ್ರೋ ಬೇಕಾ, ಇರುವ ಹಳಿ ಮೇಲೆ ಲೋಕಲ್ ಓಡಿಸಿದರೆ ಸಾಕಾ?

ಅರಿಶಿನಕುಂಟೆ ಹುಡುಗ · ಬುಧವಾರ ಬೆಳಿಗ್ಗೆ 7:52

ಬೆಂಗಳೂರು ಮೆಟ್ರೋದ ತುಮಕೂರು ರಸ್ತೆ ಕಡೆಯ ಕೊನೆ ಸ್ಟೇಷನ್ ಮಾದಾವರದಲ್ಲಿ ಗಾಡಿ ಹತ್ತಿದೆ, ಸೀಟು ಸಿಕ್ಕಿತು, ಕೂತು ಬರೆಯುತ್ತಿದ್ದೇನೆ. ಇಳಿಯುವುದರೊಳಗೆ ಮುಗಿಸಬೇಕು.

ಮಾದಾವರದಿಂದ ತುಮಕೂರಿಗೆ ಮೆಟ್ರೋ ಅನ್ನುವ ಮಾತು 2024ರ ರಾಜ್ಯ ಬಜೆಟ್‌ನಲ್ಲಿ ಬಂತು. ಖಾಸಗಿಯವರನ್ನು ಸೇರಿಸಿಕೊಂಡು ಮಾಡುವ ಯೋಚನೆ. ಉದ್ದ 50 ಕಿ.ಮೀ. ಮೀರುತ್ತೆ. ಅವತ್ತಿಂದ ನಮ್ಮ ಕಡೆ ಮದುವೆ ಮನೆಯಲ್ಲಿ, ಕಟಿಂಗ್ ಶಾಪಿನಲ್ಲಿ, ಎಲ್ಲಾ ಕಡೆ ಇದೇ ಮಾತು.

ನಾನು ಇರುವುದು ನೆಲಮಂಗಲದ ಹತ್ತಿರ. ಕೆಲಸ ಮಲ್ಲೇಶ್ವರದಲ್ಲಿ. ಮನೆಯಿಂದ ಹೆದ್ದಾರಿಗೆ ನಡೆದು, ಬಸ್ ಕಾದು, ಮಾದಾವರಕ್ಕೆ ಬಂದು ಮುಟ್ಟುವಾಗ ಮುಕ್ಕಾಲು ಗಂಟೆ ಹೋಗಿರುತ್ತೆ. ಅಲ್ಲಿಂದ ಸಂಪಿಗೆ ರಸ್ತೆವರೆಗೆ 15 ಸ್ಟೇಷನ್. ಅದಕ್ಕೆ ಅಷ್ಟು ಹೊತ್ತು ಹಿಡಿಯಲ್ಲ. ಉದ್ದದ ದಾರಿ ಬೇಗ ಮುಗಿಯುತ್ತೆ, ಗಿಡ್ಡ ದಾರಿ ಮುಗಿಯೋದೇ ಇಲ್ಲ.

ಮೆಟ್ರೋ ಬಂದರೆ ಸೈಟಿನ ಬೆಲೆ ಏರುತ್ತೆ ಅಂತ ಅಪ್ಪನ ಆಸೆ. ನನಗೆ ಬೆಳಿಗ್ಗೆ ಇನ್ನೊಂದು ಅರ್ಧ ಗಂಟೆ ನಿದ್ದೆ ಸಿಗುತ್ತೆ ಅಂತ ಆಸೆ. ಆದರೆ ಇಷ್ಟು ದೂರಕ್ಕೆ ಮೆಟ್ರೋನೇ ಬೇಕಾ, ಉಪನಗರ ರೈಲು ಸಾಕಾ, ಹೊರದೇಶದ ಊರುಗಳ ಹಾಗೆ ಲೈಟ್ ರೈಲು ಹಾಕಬಹುದಾ? ತಿಳಿದವರು ಹೇಳಿ.

ಜಾಲಹಳ್ಳಿ ಕ್ರಾಸ್ · 8:05

ಸೀಟು ಸಿಕ್ಕಿತಾ? ಈಗಲೇ ಅನುಭವಿಸಿಬಿಡಿ. ಲೈನು ತುಮಕೂರಿಗೆ ಹೋದ ದಿನ ಆ ಸೀಟಿನಲ್ಲಿ ಕ್ಯಾತ್ಸಂದ್ರದವರು ಕೂತಿರುತ್ತಾರೆ.

ಹಳಿ ಹುಚ್ಚ · 9:30

ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ.

ಮೆಟ್ರೋ 3ನೇ ಹಂತ, ಅಂದರೆ ಜೆ.ಪಿ. ನಗರ 4ನೇ ಹಂತದಿಂದ ಕೆಂಪಾಪುರ, ಮತ್ತೆ ಹೊಸಹಳ್ಳಿಯಿಂದ ಕಡಬಗೆರೆ. ಎರಡೂ ಸೇರಿ 44.65 ಕಿ.ಮೀ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದ ವೆಚ್ಚ 15,611 ಕೋಟಿ.

ಉಪನಗರ ರೈಲು: ನಾಲ್ಕು ಮಾರ್ಗ, 148 ಕಿ.ಮೀ. 2020ರಲ್ಲಿ ಒಪ್ಪಿದ ವೆಚ್ಚ 15,767 ಕೋಟಿ.

ದುಡ್ಡು ಹೆಚ್ಚುಕಮ್ಮಿ ಒಂದೇ. ಉದ್ದ ಮೂರು ಪಟ್ಟಿಗಿಂತ ಜಾಸ್ತಿ. ಮೆಟ್ರೋಗೆ ಕಿ.ಮೀ.ಗೆ ಸುಮಾರು 350 ಕೋಟಿ, ಉಪನಗರಕ್ಕೆ ಸುಮಾರು 106 ಕೋಟಿ. 2020ರ ದರ ಬೇರೆ, 2024ರ ದರ ಬೇರೆ ಅಂತ ಯಾರಾದರೂ ಹೇಳುತ್ತೀರಿ, ನನಗೂ ಗೊತ್ತು. ಅದನ್ನು ಕಳೆದರೂ ಅಂತರ ದೊಡ್ಡದೇ. ಕಾರಣ ಸರಳ. ಉಪನಗರ ಮಾರ್ಗದ ಬಹುಪಾಲು ರೈಲ್ವೆ ಹಳಿಯ ಪಕ್ಕದಲ್ಲೇ ಹೋಗುತ್ತೆ. ಮೆಟ್ರೋಗೆ ರಸ್ತೆ ಮಧ್ಯೆ ಕಂಬ ನೆಡಬೇಕು, ಅಂಗಡಿ ಒಡೆಯಬೇಕು, ಪೈಪು, ಕೇಬಲ್ಲು ಎಲ್ಲಾ ಸರಿಸಬೇಕು.

ಇನ್ನು ವೇಗ. ನಿಲ್ಲುವ ಹೊತ್ತೂ ಸೇರಿಸಿದರೆ ನಮ್ಮ ಮೆಟ್ರೋ ಗಂಟೆಗೆ 35 ಕಿ.ಮೀ. ಆಸುಪಾಸು ಓಡುತ್ತೆ. ಆಚೆ ಸ್ಟೇಷನ್ ಕಡಿಮೆ ಇಟ್ಟರೆ ಸ್ವಲ್ಪ ಏರಬಹುದು, ಒಪ್ಪುತ್ತೇನೆ. ಆದರೂ ತುಮಕೂರಿನಿಂದ ಮೆಜೆಸ್ಟಿಕ್‌ಗೆ ಎರಡು ಗಂಟೆ ಹತ್ತಿರ. ಗೋಡೆಗೆ ಅಂಟಿದ ಉದ್ದ ಬೆಂಚು, ಮಿಕ್ಕವರೆಲ್ಲ ನಿಲ್ಲಬೇಕು. ಅದನ್ನು ಮಾಡಿರುವುದೇ ಹತ್ತಿಪ್ಪತ್ತು ನಿಮಿಷದ ಪಯಣಕ್ಕೆ.

ಕ್ಯಾತ್ಸಂದ್ರ ಸೀಸನ್ ಪಾಸ್ · 10:15

ಹುಚ್ಚ ಸರ್ ಹೇಳಿದ್ದು ಸರಿ. ನಾನು 11 ವರ್ಷದಿಂದ ತುಮಕೂರು ಕಡೆಯಿಂದ ರೈಲಿನಲ್ಲೇ ಓಡಾಡುವವನು. ಎಕ್ಸ್‌ಪ್ರೆಸ್ ಸಿಕ್ಕರೆ ಒಂದೂಕಾಲು ಗಂಟೆಯಲ್ಲಿ ಬೆಂಗಳೂರು. ಲೋಕಲ್ ಆದರೆ ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ, ಮುದ್ದಲಿಂಗನಹಳ್ಳಿ, ದೊಡ್ಡಬೆಲೆ ಅಂತ ಒಂದೊಂದೇ ನಿಂತು ಹೋಗುತ್ತೆ.

ನಮ್ಮ ಬೋಗಿಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಅನ್ನುವುದು ಬರೆದಿಟ್ಟ ಹಾಗೆ. ಕಿಟಕಿ ಪಕ್ಕ ಮೇಷ್ಟ್ರು, ಎದುರಿಗೆ ಬ್ಯಾಂಕಿನ ಇಬ್ಬರು, ಬಾಗಿಲ ಹತ್ತಿರ ಯಶವಂತಪುರ ಮಾರ್ಕೆಟ್‌ಗೆ ಹೋಗುವವರ ಚೀಲ. ಆಯುಧ ಪೂಜೆಗೆ ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದು, ಕಡಲೆಪುರಿ ಹಂಚುತ್ತೇವೆ. ಮೆಟ್ರೋದಲ್ಲಿ ಕಡಲೆಪುರಿ ತಿನ್ನಲು ಬಿಡ್ತಾರಾ?

ತಮಾಷೆ ಸಾಕು. ನಮಗೆ ಬೇಕಿರುವುದು ಇನ್ನೊಂದು ಲೈನಲ್ಲ, ಇನ್ನೊಂದು ನಾಲ್ಕು ಗಾಡಿ. ಬೆಳಿಗ್ಗೆ ಒಂದು ತಪ್ಪಿದರೆ ಮುಂದಿನದಕ್ಕೆ ಕಾಯುವಷ್ಟರಲ್ಲಿ ಆಫೀಸಿನಲ್ಲಿ ಅರ್ಧ ದಿನದ ರಜೆ ಬಿದ್ದಿರುತ್ತೆ.

ಹೆಸರಘಟ್ಟ ವಿದ್ಯಾರ್ಥಿ · 11:02

ಲೈಟ್ ರೈಲು ಯಾಕೆ ಬೇಡ ಅಂತ ಯಾರೂ ಹೇಳಲಿಲ್ಲ. ಚಿಕ್ಕ ಗಾಡಿ, ನೆಲದ ಮೇಲೇ ಹಳಿ, ಖರ್ಚೂ ಕಡಿಮೆ. ಕೇಂದ್ರ ಸರ್ಕಾರ 2019ರಲ್ಲೇ ಮೆಟ್ರೋಲೈಟ್ ಅಂತ ಮಾದರಿ ಕೊಟ್ಟಿದೆ ಅಲ್ವಾ?

ಜಾಲಹಳ್ಳಿ ಕ್ರಾಸ್ · 11:10

ನೆಲದ ಮೇಲೆ ಹಳಿ ಹಾಕಿ. ಮಾರನೇ ದಿನ ಅದರ ಮೇಲೆ ಎರಡು ಆಟೋ, ಒಂದು ಎಳನೀರು ಗಾಡಿ, ಒಂದು ಗಣಪತಿ ಪೆಂಡಾಲ್.

ದೂರದ ತಿಪಟೂರು · ರಾತ್ರಿ 8:45

ತಡವಾಗಿ ಬರೆಯುತ್ತಿದ್ದೇನೆ, ಇಲ್ಲಿ ಈಗ ಬೆಳಿಗ್ಗೆ. ಊರು ತಿಪಟೂರು, ಇರುವುದು ಅಮೆರಿಕದ ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ. ಲೈಟ್ ರೈಲಿನ ಬಗ್ಗೆ ಕೇಳಿದ್ದಕ್ಕೆ ಕೈ ಸುಮ್ಮನಿರಲಿಲ್ಲ.

ಡಲ್ಲಾಸ್ ಕಡೆಯ ಸಾರಿಗೆ ಸಂಸ್ಥೆ ಡಾರ್ಟ್. ಅದರ ಲೈಟ್ ರೈಲು 1996ರಲ್ಲಿ ಶುರುವಾಯಿತು. ಈಗ 93 ಮೈಲಿ, ಅಂದರೆ 150 ಕಿ.ಮೀ. ನಮ್ಮ ಮೆಟ್ರೋ ಹಳದಿ ಮಾರ್ಗ ಸೇರಿ 96 ಕಿ.ಮೀ. ಆಯಿತು. 2025ರ ಆಗಸ್ಟ್‌ನಲ್ಲಿ ಆ ಮಾರ್ಗ ತೆರೆದಾಗ ಬೆಂಗಳೂರಲ್ಲಿ ಒಂದೇ ದಿನಕ್ಕೆ 10 ಲಕ್ಷ ಜನ ದಾಟಿದರು. ಇಲ್ಲಿ ಲೈಟ್ ರೈಲಿಗೆ ದಿನಕ್ಕೆ ಒಂದು ಲಕ್ಷವೂ ಇಲ್ಲ. ಹಳಿ ಒಂದೂವರೆ ಪಟ್ಟು, ಜನ ಹತ್ತನೇ ಒಂದು ಪಾಲು.

ಯಾಕೆ ಅಂತೀರಾ? ಇಲ್ಲಿನ ಲೈನುಗಳು ಬಹಳ ಕಡೆ ಹಳೇ ಗೂಡ್ಸ್ ಹಳಿಯ ಜಾಗದಲ್ಲಿ ಬಂದವು. ಜಾಗ ಅಗ್ಗಕ್ಕೆ ಸಿಕ್ಕಿತು, ಉದ್ದಕ್ಕೆ ಎಳೆದುಕೊಂಡು ಹೋದರು. ಆದರೆ ಆ ಹಳಿಯ ಪಕ್ಕ ಗೋಡೌನು ಇತ್ತು, ಮನೆ ಇರಲಿಲ್ಲ. ನನಗೆ ಹತ್ತಿರದ ದೊಡ್ಡ ಸ್ಟೇಷನ್ ಪ್ಲೇನೋದ ಪಾರ್ಕರ್ ರೋಡ್, ಕೆಂಪು ಲೈನಿನ ಕೊನೆ. 2002ರಿಂದ ಇದೆ. ಮನೆಯಿಂದ ಕಾರಿನಲ್ಲಿ ಹೋಗಿ ನಿಲ್ಲಿಸಬೇಕು. ಇಳಿದರೆ ಕಣ್ಣು ಹಾಯಿಸಿದಷ್ಟೂ ಪಾರ್ಕಿಂಗ್. ಜುಲೈ ಬಿಸಿಲಲ್ಲಿ ಆ ಟಾರಿನ ಮೇಲೆ ನಡೆದರೆ ಚಪ್ಪಲಿ ಅಂಟುತ್ತೆ. ಒಂದು ಕಾಫಿ ಅಂಗಡಿಗೆ ಹೋಗಬೇಕಾದರೂ ಮತ್ತೆ ಕಾರು. ಅಷ್ಟು ಮಾಡಿ ಕಾರು ತೆಗೆದ ಮೇಲೆ ಆಫೀಸಿಗೇ ಹೋಗಿಬಿಡೋಣ ಅನಿಸುತ್ತೆ. ಎಷ್ಟೋ ಜನ ಹಾಗೇ ಮಾಡುತ್ತಾರೆ, ನಾನೂ ಸೇರಿ.

ಇನ್ನೊಂದು ಮಾತು. ಡಾರ್ಟ್‌ನಲ್ಲಿ ಸೇರಿದ 13 ಊರುಗಳು ಪ್ರತಿ ಡಾಲರ್ ವ್ಯಾಪಾರದ ಮೇಲೆ ಒಂದು ಸೆಂಟ್ ತೆರಿಗೆ ಕೊಡುತ್ತವೆ. ನಮ್ಮ ಫ್ರಿಸ್ಕೋ ಸೇರಿಲ್ಲ. ಪಕ್ಕದ ಪ್ಲೇನೋ ಸೇರಿದೆ. ಅದಕ್ಕೇ ಅಲ್ಲಿಗೆ ಹಳಿ ಬಂತು, ಇಲ್ಲಿಗೆ ಬರಲಿಲ್ಲ. ಬೆಳೆದ ಊರುಗಳು ಹೊರಗೆ ಉಳಿದವು, ದುಡ್ಡು ಕೊಟ್ಟ ಊರುಗಳು 'ನಮಗೆ ಸಿಕ್ಕಿದ್ದು ಕಡಿಮೆ' ಅಂತ ಗೊಣಗುತ್ತಿವೆ. 2025ರ ಅಕ್ಟೋಬರ್‌ನಲ್ಲಿ ವಿಮಾನ ನಿಲ್ದಾಣದಿಂದ ಪ್ಲೇನೋಗೆ 26 ಮೈಲಿಯ ಸಿಲ್ವರ್ ಲೈನ್ ಬಂತು. ಅದು ಲೈಟ್ ರೈಲಲ್ಲ, ಹಳೇ ಗೂಡ್ಸ್ ದಾರಿಯಲ್ಲಿ ಓಡುವ ಡೀಸೆಲ್ ಗಾಡಿ. ದೂರದ ಊರಿಗೆ ಇವರೂ ಕೊನೆಗೆ ಲೋಕಲ್ ರೈಲಿಗೇ ಬಂದರು ನೋಡಿ.

ತುಮಕೂರಿಗೆ ಏನು ಹಾಕಬೇಕು ಅಂತ ನಾನು ಇಲ್ಲಿಂದ ಹೇಳಲ್ಲ. ಎಲ್ಲಿ ಇಳಿಸುತ್ತೀರಿ, ಇಳಿದವನು ಯಾವ ದಾರಿಯಲ್ಲಿ ನಡೆಯುತ್ತಾನೆ, ಅದನ್ನು ಮೊದಲು ನೋಡಿ.

ಪೀಣ್ಯ ಅಕ್ಕ · ರಾತ್ರಿ 9:20

ನೀವೆಲ್ಲ ಕೋಟಿ ಲೆಕ್ಕ ಹೇಳಿದಿರಿ. ನನ್ನ ಲೆಕ್ಕ ಕೇಳಿ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಲೈನ್ ಸೂಪರ್‌ವೈಸರ್. ದಾಬಸ್‌ಪೇಟೆ ಕಡೆಯಿಂದ ಬರುತ್ತೇನೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದಿದೆ, ಆಧಾರ್ ತೋರಿಸಿದರೆ ಬಸ್ ಟಿಕೆಟ್ ಸೊನ್ನೆ. ಮೆಟ್ರೋಗೆ 2025ರ ಫೆಬ್ರವರಿಯಲ್ಲಿ ದರ ಏರಿಸಿದ ಮೇಲೆ ಗರಿಷ್ಠ 90 ರೂಪಾಯಿ. ಅದು ಈಗಿರುವ ಲೈನಿಗೆ. ತುಮಕೂರಿಗೆ ಹೋದರೆ ಎಷ್ಟಿಡುತ್ತಾರೆ? ಹೋಗಿ ಬರಲು ದಿನಕ್ಕೆ 150 ಅಂತ ಇಟ್ಟುಕೊಂಡರೂ 26 ದಿನಕ್ಕೆ 3,900. ನಮ್ಮ ಲೈನಿನಲ್ಲಿ ಹೊಲಿಯುವ ಹುಡುಗಿಯರು ಅದನ್ನು ಎಲ್ಲಿಂದ ತರುತ್ತಾರೆ?

ಬೆಳಿಗ್ಗೆ ಏಳೂವರೆಗೆ ಬಸ್ ಬಾಗಿಲಲ್ಲಿ ಒಂದು ಕಾಲು, ಕೈಯಲ್ಲಿ ಟಿಫನ್ ಬಾಕ್ಸು, ಕುತ್ತಿಗೆಯಲ್ಲಿ ಐಡಿ ಕಾರ್ಡು. ಹತ್ತು ನಿಮಿಷ ತಡ ಆದರೆ ಪಂಚಿಂಗ್ ಮಿಷನ್ ಕೆಂಪು ತೋರಿಸುತ್ತೆ. ನನಗೆ ಮೆಟ್ರೋ, ಲೈಟು, ಟ್ಯೂಬ್‌ಲೈಟು ಯಾವುದೂ ಗೊತ್ತಿಲ್ಲ. ಪೀಣ್ಯ ಫ್ಲೈಓವರ್ ಕೆಳಗೆ ಬಸ್ ನಿಲ್ಲದೆ ಹೋಗುವ ಹಾಗೆ ಒಂದು ದಾರಿ ಬಿಟ್ಟರೆ ಸಾಕು.

ಹಳಿ ಹುಚ್ಚ · 9:41

ಅಕ್ಕ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 2019ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರಕ್ಕೆ ಬಸ್ಸಿಗೇ ಅಂತ ಒಂದು ಪಥ ಮಾಡಿದ್ದರು. ಮೆಟ್ರೋ ಕಂಬ ಬರುವಾಗ ಅದು ಹೋಯಿತು. ಬೇರೆ ಕಡೆ ಹೋಗಲಿ, ಅಲ್ಲೇ ಮತ್ತೆ ಹಾಕಲಿಲ್ಲ.

ನಿರ್ವಾಹಕರು · 10:00

ಪಕ್ಷದ ಹೆಸರು ಎತ್ತಿ ಬೈದ ಮೂರು ಕಾಮೆಂಟ್ ತೆಗೆದಿದ್ದೇನೆ. ಹಳಿ ಬಗ್ಗೆ ಮಾತಾಡಿ.

ತ್ಯಾಮಗೊಂಡ್ಲು ರೈತ · ಗುರುವಾರ ಬೆಳಿಗ್ಗೆ 6:15

ಹುಡುಗನ ಅಪ್ಪನ ಆಸೆ ಬಗ್ಗೆ ಒಂದು ಮಾತು. ನಮ್ಮ ಭಾವ ಹತ್ತು ವರ್ಷದ ಹಿಂದೆ ಹೆದ್ದಾರಿ ಪಕ್ಕ ಒಂದು ಲೇಔಟ್‌ನಲ್ಲಿ ಸೈಟು ತಗೊಂಡ. ಬೋರ್ಡಿನಲ್ಲಿ 'ಮೆಟ್ರೋ ನಿಲ್ದಾಣಕ್ಕೆ 10 ನಿಮಿಷ' ಅಂತ ಬರೆದಿತ್ತು. ನಾಗಸಂದ್ರದಿಂದ ಮಾದಾವರ ಅನ್ನುವ 3 ಕಿ.ಮೀ. ಚಿಲ್ಲರೆ ಲೈನು ಮುಗಿಯಲು 2024ರ ನವೆಂಬರ್ ಆಯಿತು. ಕೆಲಸ ಶುರುವಾಗಿ ಏಳು ವರ್ಷ. ಮೂರು ಕಿ.ಮೀ.ಗೆ ಏಳು ವರ್ಷ ಅಂದರೆ ತುಮಕೂರಿಗೆ ಎಷ್ಟು ಅಂತ ನೀವೇ ಗುಣಿಸಿ. ಭಾವನ ಸೈಟಿನಲ್ಲಿ ಈಗ ಹುರುಳಿ ಹಾಕಿದ್ದಾರೆ. ಚೆನ್ನಾಗಿ ಬಂದಿದೆ.

ಜಮೀನು ಹೋಗುವವರಿಗೂ ಒಂದು ಮಾತು ಕೇಳಿ. ಹೆದ್ದಾರಿಗೆ ಒಂದು ಸಲ ಕೊಟ್ಟಿದ್ದೇವೆ, ಅಗಲ ಮಾಡಲು ಇನ್ನೊಂದು ಸಲ ಕೊಟ್ಟಿದ್ದೇವೆ. ಬೆಂಗಳೂರು ಸುತ್ತ 287 ಕಿ.ಮೀ. ವರ್ತುಲ ರೈಲು ಅಂತ ಬೇರೆ ಹೇಳುತ್ತಿದ್ದಾರೆ, ಅದೂ ನಿಡವಂದದ ಮೇಲೇ. ಒಂದೇ ಕಡೆ ಎಷ್ಟು ಸಲ ಅಳೆಯುತ್ತೀರಿ ಸ್ವಾಮಿ?

ಅರಿಶಿನಕುಂಟೆ ಹುಡುಗ · 7:58

ಇವತ್ತೂ ಸೀಟು ಸಿಕ್ಕಿತು. ತ್ಯಾಮಗೊಂಡ್ಲು ಅಣ್ಣಾ, ಅಪ್ಪನಿಗೆ ನಿಮ್ಮ ಕಾಮೆಂಟ್ ಓದಿ ಹೇಳಿದೆ. 'ಹುರುಳಿ ಎಷ್ಟು ಮೂಟೆ ಬಂತು ಕೇಳು' ಅಂದರು.

ಹುಚ್ಚ ಸರ್, ಒಂದು ಅನುಮಾನ. ಹಳಿ ಇದೆ, ಜೋಡಿ ಹಳಿನೇ ಇದೆ, ವಿದ್ಯುತ್ ಲೈನೂ ಇದೆ. ಹಾಗಾದರೆ ಇನ್ನೂ ನಾಲ್ಕು ಲೋಕಲ್ ಓಡಿಸಲು ಏನು ಅಡ್ಡಿ?

ಹಳಿ ಹುಚ್ಚ · 9:15

ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತೆ.

ಆ ಹಳಿ ತುಮಕೂರಿನವರದ್ದು ಮಾತ್ರ ಅಲ್ಲ. ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಎಲ್ಲ ಗಾಡಿ ಅದರ ಮೇಲೇ. ಧಾರವಾಡದ ವಂದೇ ಭಾರತ್ ಅದರ ಮೇಲೇ. ಗೂಡ್ಸ್ ಅದರ ಮೇಲೇ. ಹಳೇ ಸಿಗ್ನಲ್ ಪದ್ಧತಿಯಲ್ಲಿ ಎರಡು ಸ್ಟೇಷನ್ ಮಧ್ಯೆ ಒಂದು ದಿಕ್ಕಿಗೆ ಒಂದೇ ಗಾಡಿ ಇರಬೇಕು. ಮುಂದಿನ ಸ್ಟೇಷನ್ ದಾಟಿದ ಮೇಲೇ ಹಿಂದಿನದಕ್ಕೆ ಹಸಿರು. ಸ್ಟೇಷನ್‌ಗಳ ಮಧ್ಯೆ ಆರೇಳು ಕಿ.ಮೀ. ಇದ್ದರೆ ಅಷ್ಟೂ ಹಳಿ ಖಾಲಿ ಬಿದ್ದಿರುತ್ತೆ. ಆಟೋಮ್ಯಾಟಿಕ್ ಸಿಗ್ನಲ್ ಹಾಕಿದರೆ ಸುಮಾರು ಒಂದೊಂದು ಕಿ.ಮೀ.ಗೆ ಒಂದು ಸಿಗ್ನಲ್. ಬಸ್ಸಿನ ಹಿಂದೆ ಬಸ್ ಬಂದ ಹಾಗೆ ಗಾಡಿ ಬರಬಹುದು. ಹೊಸ ಹಳಿ ಹಾಕದೆ ಗಾಡಿ ಜಾಸ್ತಿ ಮಾಡುವ ಅಗ್ಗದ ದಾರಿ ಇದು.

ಎರಡನೆಯದು ಮೆಮು, ಅಂದರೆ ಬೇರೆ ಎಂಜಿನ್ ಇಲ್ಲದೆ ಬೋಗಿಯಲ್ಲೇ ಮೋಟಾರು ಇರುವ ವಿದ್ಯುತ್ ಲೋಕಲ್. ಲೋಕಲ್‌ಗೆ ಎಂಜಿನ್ ಕಟ್ಟಿದರೆ ನಿಂತು ಹೊರಡುವುದಕ್ಕೇ ಹೊತ್ತು ಹೋಗುತ್ತೆ. ಕೊನೆ ಸ್ಟೇಷನ್‌ನಲ್ಲಿ ಎಂಜಿನ್ ಬಿಚ್ಚಿ ಆ ತುದಿಗೆ ಕಟ್ಟಬೇಕು. ಮೆಮುಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ. ಬಂದ ಪ್ಲಾಟ್‌ಫಾರಂನಿಂದಲೇ ಹತ್ತು ನಿಮಿಷದಲ್ಲಿ ವಾಪಸ್.

ಮೂರನೆಯದು ಜಾಗ. ಬೆಂಗಳೂರು ಸಿಟಿಯಲ್ಲಿ ಪ್ಲಾಟ್‌ಫಾರಂ ಖಾಲಿ ಇರಲ್ಲ. ಲೋಕಲ್‌ಗಳನ್ನು ಯಶವಂತಪುರದಲ್ಲೋ ಚಿಕ್ಕಬಾಣಾವರದಲ್ಲೋ ತಿರುಗಿಸಬೇಕು. ಅಲ್ಲಿಂದ ಮುಂದೆ ಉಪನಗರ ರೈಲಿನ ಮಲ್ಲಿಗೆ ಮಾರ್ಗ ಇರಬೇಕಿತ್ತು. ಚಿಕ್ಕಬಾಣಾವರದಿಂದ ಬೈಯಪ್ಪನಹಳ್ಳಿಗೆ 25 ಕಿ.ಮೀ., ಅದಕ್ಕೇ ಬೇರೆ ಹಳಿ.

ಜಾಲಹಳ್ಳಿ ಕ್ರಾಸ್ · 9:22

'ಇರಬೇಕಿತ್ತು'. ಆ ಪದದ ಮೇಲೇ ಬೆಂಗಳೂರು ನಿಂತಿದೆ. 2022ರ ಜೂನ್ 20ಕ್ಕೆ ಪ್ರಧಾನಿ ಅಡಿಗಲ್ಲು, 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. 40 ತಿಂಗಳು 2025ರ ಅಕ್ಟೋಬರ್‌ಗೆ ಆಯಿತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರಿಟ್ಟಿದ್ದು ಮಾತ್ರ ಟೈಮಿಗೆ ಸರಿಯಾಗಿ ಆಯಿತು.

ಹಳಿ ಹುಚ್ಚ · 9:30

ಹೌದು. ಗುತ್ತಿಗೆದಾರರು ಬಿಟ್ಟುಹೋದರು, ಮತ್ತೆ ಟೆಂಡರ್, ಮತ್ತೆ ಕಾಯುವುದು. ಉಪನಗರ ರೈಲಿನ ಪರ ವಾದ ಮಾಡುವ ನನ್ನಂಥವರಿಗೆ ಇದೇ ನಾಚಿಕೆ. ಮೆಟ್ರೋ ಎಷ್ಟೇ ತಡವಾದರೂ ಕೊನೆಗೆ ಓಡುತ್ತೆ. ಇದು ಇನ್ನೂ ಕಂಬದಲ್ಲೇ ಇದೆ. ಜನ 'ಮೆಟ್ರೋನೇ ಕೊಡಿ' ಅನ್ನುವುದು ಅದಕ್ಕೇ. ಅವರಿಗೆ ಬುದ್ಧಿ ಇಲ್ಲ ಅಂತ ನಾನು ಹೇಳಲ್ಲ.

ಹೆಸರಘಟ್ಟ ವಿದ್ಯಾರ್ಥಿ · 10:48

ಮೆಟ್ರೋ ಗಾಡಿಯನ್ನೇ ಮಾದಾವರದಿಂದ ರೈಲ್ವೆ ಹಳಿಗೆ ಹತ್ತಿಸಿ ತುಮಕೂರಿಗೆ ಕಳಿಸಲು ಆಗಲ್ವಾ? (ನಗಬೇಡಿ.)

ಹಳಿ ಹುಚ್ಚ · 11:05

ನಗಲ್ಲ ತಮ್ಮಾ, ಎಲ್ಲರೂ ಒಂದು ಸಲ ಕೇಳುವ ಪ್ರಶ್ನೆ ಇದು. ರೈಲ್ವೆ ಹಳಿ ಬ್ರಾಡ್ ಗೇಜ್, 1,676 ಮಿ.ಮೀ. ಮೆಟ್ರೋ ಸ್ಟ್ಯಾಂಡರ್ಡ್ ಗೇಜ್, 1,435 ಮಿ.ಮೀ. ಗಾಲಿನೇ ಕೂರಲ್ಲ. ವಿದ್ಯುತ್ತೂ ಬೇರೆ. ನಮ್ಮ ಮೆಟ್ರೋಗೆ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ. ರೈಲ್ವೆಗೆ ಮೇಲಿನ ತಂತಿಯಿಂದ 25,000 ವೋಲ್ಟ್ ಎಸಿ. ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೋ ಅಂದಾಗಲೂ ಇದೇ ತೊಡಕು. ತಮಿಳುನಾಡಿನವರದ್ದು ಮೇಲಿನ ತಂತಿ, ನಮ್ಮದು ಪಕ್ಕದ ಹಳಿ. ಗಡಿಯಲ್ಲಿ ಗಾಡಿ ಬದಲಿಸಬೇಕು.

ಲೈಟ್ ರೈಲಿಗೆ ಒಂದು ಜಾಗ ನನಗೆ ಕಾಣುತ್ತೆ. ತುಮಕೂರಿಗಲ್ಲ. ನೆಲಮಂಗಲ ಊರೊಳಗಿಂದ ಮಾದಾವರಕ್ಕೆ, ಎಂಟು ಹತ್ತು ಕಿ.ಮೀ. ಆ ದೂರಕ್ಕೆ, ಅಷ್ಟು ಜನಕ್ಕೆ ಅದು ಹೊಂದುತ್ತೆ. ಆದರೆ ಅದೇ ದಾರಿಯಲ್ಲಿ ಐದು ನಿಮಿಷಕ್ಕೊಂದು ಬಸ್ ಬಿಟ್ಟು, ಪೀಣ್ಯ ಅಕ್ಕ ಕೇಳಿದ ಪಥ ಕೊಟ್ಟರೆ, ನಾಳೆಯೇ ಶುರು ಮಾಡಬಹುದು.

ದೂರದ ತಿಪಟೂರು · ರಾತ್ರಿ 9:10

ಒಂದು ನೆನಪಾಯಿತು. 2021ರ ಜನವರಿಯಲ್ಲಿ ದೇವನಹಳ್ಳಿ ಹಳಿಯಲ್ಲಿ ವಿಮಾನ ನಿಲ್ದಾಣಕ್ಕೇ ಅಂತ ಒಂದು ಹಾಲ್ಟ್ ಸ್ಟೇಷನ್ ತೆರೆದರು. ಊರಿಗೆ ಬಂದಾಗ ಆಸೆಪಟ್ಟು ನೋಡಿದೆ. ನಾನು ಇಳಿಯುವ ಹೊತ್ತಿಗೂ ಗಾಡಿ ಬರುವ ಹೊತ್ತಿಗೂ ಹೊಂದಲೇ ಇಲ್ಲ. ಟ್ಯಾಕ್ಸಿಯಲ್ಲಿ ಹೋದೆ. ಸ್ಟೇಷನ್ ಕಟ್ಟಿದರಾಯಿತಾ, ಗಾಡಿ ಬೇಡ್ವಾ?

ಕ್ಯಾತ್ಸಂದ್ರ ಸೀಸನ್ ಪಾಸ್ · 9:34

ನೋಡಿ, ಅದನ್ನೇ ನಾನು ನಿನ್ನೆಯಿಂದ ಬಡಕೊಳ್ಳುತ್ತಿರುವುದು.

ಅರಿಶಿನಕುಂಟೆ ಹುಡುಗ · ಶನಿವಾರ ಸಂಜೆ 6:20

ಇಷ್ಟೆಲ್ಲ ಓದಿದ ಮೇಲೆ ಇವತ್ತು ರಜೆ ಇತ್ತು ಅಂತ ಗಾಡಿ ತಗೊಂಡು ನೆಲಮಂಗಲ ರೈಲ್ವೆ ಸ್ಟೇಷನ್‌ಗೆ ಹೋದೆ. ಹುಟ್ಟಿ ಬೆಳೆದಿದ್ದು ಇಲ್ಲೇ, ಒಂದು ಸಲವೂ ಒಳಗೆ ಕಾಲಿಟ್ಟಿರಲಿಲ್ಲ. ಇದು ತುಮಕೂರು ಲೈನಲ್ಲ, ಹಾಸನ ಲೈನು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಚಿಕ್ಕಬಾಣಾವರದಲ್ಲಿ ಕವಲಾಗಿ ಕುಣಿಗಲ್ ಕಡೆ ಹೋಗುತ್ತೆ.

ಪ್ಲಾಟ್‌ಫಾರಂ ಉದ್ದಕ್ಕೆ, ನೀಟಾಗಿ ಇದೆ. ಬೇವಿನ ಮರದ ಕೆಳಗೆ ಕಲ್ಲಿನ ಬೆಂಚು. ಒಬ್ಬ ಅಜ್ಜ ಮೊಮ್ಮಗನಿಗೆ ರೈಲು ತೋರಿಸಲು ಕರೆದುಕೊಂಡು ಬಂದಿದ್ದರು. ಮುಕ್ಕಾಲು ಗಂಟೆ ಕೂತೆ. ಒಂದು ಎಕ್ಸ್‌ಪ್ರೆಸ್ ನಿಲ್ಲದೆ ಹೋಯಿತು. ಮಗು ಕೈ ಬೀಸಿತು. ಆಮೇಲೆ ಮೂವರೂ ಎದ್ದು ಮನೆಗೆ ಬಂದೆವು.

ಅಪ್ಪನಿಗೆ ಹೇಳಿದೆ, ಹೊಸ ಮೆಟ್ರೋ ಬರುವ ಮೊದಲು ಇಲ್ಲಿ ಬೆಳಿಗ್ಗೆ ಏಳಕ್ಕೆ ಒಂದು, ಏಳೂವರೆಗೆ ಒಂದು, ಎಂಟಕ್ಕೆ ಒಂದು ಮೆಮು ನಿಂತರೆ ಮಲ್ಲೇಶ್ವರ ಸ್ಟೇಷನ್‌ಗೇ ಇಳಿಯಬಹುದು ಅಂತ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸ್ಟೇಷನ್ ಪಕ್ಕ ಸೈಟು ಎಷ್ಟಿದೆಯಂತೆ?' ಅಂದರು.

ತ್ಯಾಮಗೊಂಡ್ಲು ರೈತ · 6:50

ಅಪ್ಪನಿಗೆ ಹೇಳಿ, ಹುರುಳಿ ಎರಡು ಮೂಟೆ ಬಂತು.

ಕ್ಯಾತ್ಸಂದ್ರ ಸೀಸನ್ ಪಾಸ್ · 7:05

ತಮ್ಮಾ, ಸೋಮವಾರ ಒಂದು ದಿನ ಚಿಕ್ಕಬಾಣಾವರಕ್ಕೆ ಬಂದು ನಮ್ಮ ಲೋಕಲ್ ಹತ್ತು. ಮುಂದಿನಿಂದ ಮೂರನೇ ಬೋಗಿ. ತಟ್ಟೆ ಇಡ್ಲಿ ನಾನು ತರುತ್ತೇನೆ, ಚಟ್ನಿ ಚೆಲ್ಲದ ಡಬ್ಬಿ ನೀನು ತಾ.

ಅರಿಶಿನಕುಂಟೆ ಹುಡುಗ · 7:08

ಬರುತ್ತೇನೆ ಅಣ್ಣಾ. ಸೀಟು ಸಿಗುತ್ತಾ?

ಕ್ಯಾತ್ಸಂದ್ರ ಸೀಸನ್ ಪಾಸ್ · 7:09

ಇಲ್ಲ.